ಶರಣಗೋಷ್ಠಿಯಲ್ಲಿ ಮೆಚ್ಚುಗೆಯ ನುಡಿ

ಮನುಷ್ಯನಿಗೆ ಅನ್ನ, ವಸ್ತ್ರ, ಆಶ್ರಯಗಳು ಹೇಗೆ ಅವಶ್ಯವೋ, ತನ್ನ ಬಾಳು ನಿರರ್ಥಕವಲ್ಲವೆಂಬ ಭರವಸೆಯೂ ಹಾಗೆಯೇ ಅವಶ್ಯ. ಅನ್ನವನ್ನು ಕಾಯಕದಿಂದ ಗಳಿಸಬಹುದು, ವಸ್ತ್ರವನ್ನು ನೇಯಬಹುದು. ಆದರೆ ಈ ಭರವಸೆಯನ್ನು ಒಬ್ಬನೇ ಕುಳಿತು ತನಗೆ ತಾನೇ ಕೊಟ್ಟುಕೊಳ್ಳುವದು ಬಹು ಕಷ್ಟ. ಅದು ಬಹುಮಟ್ಟಿಗೆ ಸಮಾನಶೀಲರಾದ ನಾಲ್ಕು ಜನರ ನಡುವೆ ಹುಟ್ಟುತ್ತದೆ; ಅವರು ಕಿವಿಗೊಟ್ಟು ಕೇಳುವದರಿಂದಲೂ ಮನಸಾರೆ ಆಡುವ ನುಡಿಯಿಂದಲೂ ಬೆಳೆಯುತ್ತದೆ. ಶರಣರು ಸತ್ಸಂಗಕ್ಕೆ ಅಷ್ಟೊಂದು ಮಹತ್ವವನ್ನು ಕೊಟ್ಟುದರಲ್ಲಿ ಈ ಮರ್ಮವೂ ಅಡಗಿದೆ. ಅದನ್ನು ಇಲ್ಲಿ ತುಸು ವಿಚಾರಿಸುವದು ಉದ್ದೇಶ.

ಹಿಂದಿನ ಸಾಲಿನ ಮೌನ

ಗೋಕಾಕ, ಅದರಿಂದ ಬೇರ್ಪಟ್ಟು ಈಗ ಸ್ವತಂತ್ರ ತಾಲ್ಲೂಕಾಗಿರುವ ಮೂಡಲಗಿ, ನೆರೆಯ ಹುಕ್ಕೇರಿ, ಇವು ಮೂರೂ ಘಟಪ್ರಭೆಯ ಸೀಮೆಯ ಊರುಗಳು. ಭಕ್ತಿಗೆ ಇಲ್ಲಿ ಬರವಿಲ್ಲ. ಅರಭಾವಿ, ನಿಡಸೋಸಿಗಳ ದುರದುಂಡೀಶ್ವರ ಮಠಗಳು, ಹುಕ್ಕೇರಿಯ ಹಿರೇಮಠ, ಮೂಡಲಗಿಯ ಶಿವಬೋಧರಂಗ ಮಠ ಇವೆಲ್ಲ ಈ ಸೀಮೆಯ ಜನರ ಶ್ರದ್ಧಾಕೇಂದ್ರಗಳು. ಗೋಕಾಕದಲ್ಲಂತೂ ಶರಣರ ಗೋಷ್ಠಿಯ ಕಥನವಾದ ಮಹಾಗ್ರಂಥದ ಹೆಸರನ್ನೇ ಹೊತ್ತ ಶೂನ್ಯಸಂಪಾದನ ಮಠವಿದೆ. ಶ್ರಾವಣಮಾಸ ಬಂದಿತೆಂದರೆ ಪುರಾಣ, ಪ್ರವಚನ, ಭಜನೆಗಳ ಧ್ವನಿ ಊರೂರಲ್ಲಿ ಕೇಳಿಬರುತ್ತದೆ.

ಆದರೆ ಇಂಥ ಕೂಟಗಳಲ್ಲಿ ಎಚ್ಚರದಿಂದ ನೋಡಿದವರಿಗೆ ಒಂದು ಸಂಗತಿ ಕಾಣದೆ ಇರಲಾರದು. ಮಾತನಾಡುವವರು ಇಬ್ಬರು ಮೂವರು. ಕೇಳುವವರು ನೂರಾರು ಜನ. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತ ತಾಯಿಗೆ ಹತ್ತಾರು ವಚನಗಳು ಬಾಯಿಪಾಠವಾಗಿರುತ್ತವೆ. ಹೊಲದ ಕೆಲಸ, ದನಕರು, ಅತಿಥಿಗಳ ಉಪಚಾರ, ಇವುಗಳಲ್ಲಿ ಆಕೆ ಆ ವಚನಗಳನ್ನು ಬದುಕಿಯೂ ಇರುತ್ತಾಳೆ. ಆದರೂ, "ಯವ್ವಾ, ಇದರ ಅರ್ಥ ನಿನಗೆ ತಿಳಿದಂತೆ ಎರಡು ಮಾತು ಹೇಳು" ಎಂದರೆ, "ನನಗೇನ ತಿಳೀತೈತ್ರೀ, ತಿಳದವರ ಹೇಳ್ರಿ" ಎಂದು ಹಿಂದೆ ಸರಿಯುತ್ತಾಳೆ. ಕಾಲೇಜು ಕಲಿತ ತರುಣನೂ ಹಲವು ಸಲ ಇದೇ ರೀತಿ ಹಿಂಜರಿಯುತ್ತಾನೆ.

ಇದನ್ನು ಕೆಲವರು ವಿನಯವೆಂದು ತಿಳಿಯುತ್ತಾರೆ. ವಿನಯ ಬೇರೆ, ಅಳುಕು ಬೇರೆ. ಶರಣರ ಕಿಂಕರಭಾವವು ತನ್ನಲ್ಲಿರುವದನ್ನು ಬಲ್ಲವನ ತಗ್ಗುವಿಕೆ. ಅಳುಕು ತನ್ನಲ್ಲಿ ಏನೂ ಇಲ್ಲವೆಂದು ತಿಳಿದವನ ಕುಗ್ಗುವಿಕೆ. ತುಂಬಿದ ತೆನೆ ಬಾಗುವದಕ್ಕೂ ನೀರಿಲ್ಲದ ಪೈರು ಬಾಗುವದಕ್ಕೂ ಇರುವ ಅಂತರವನ್ನು ಒಕ್ಕಲುಮಗನಿಗೆ ಹೇಳಬೇಕಾಗಿಲ್ಲ. ಬಸವಣ್ಣನವರು ತಮಗಿಂತ ಕಿರಿಯರಿಲ್ಲವೆಂದು ನುಡಿದುದು ಮೊದಲನೆಯ ಬಗೆಯದು. ಅಂಥ ಕಿಂಕರರೇ ರಾಜಸಭೆಯಲ್ಲಿಯೂ ಎದೆಗುಂದದೆ ನಿಂತರೆಂಬುದನ್ನು ಮರೆಯಲಾಗದು.

ಈ ಅಳುಕು ಹುಟ್ಟುಗುಣವೂ ಅಲ್ಲ. ಎಂದೋ ಒಂದು ದಿನ ಮಗುವೊಂದು ನಾಲ್ವರೆದುರು ವಚನವನ್ನು ಹೇಳುವಾಗ ತಪ್ಪಿರುತ್ತದೆ, ಯಾರೋ ನಕ್ಕಿರುತ್ತಾರೆ. ಹೊಸದಾಗಿ ಬಂದ ಸೊಸೆ ಹಿರಿಯರ ಮುಂದೆ ತನಗೆ ತೋಚಿದುದನ್ನು ಆಡಿರುತ್ತಾಳೆ, "ನಿನಗ್ಯಾರ ಕೇಳಿದರು?" ಎಂಬ ಮಾತು ಬಂದಿರುತ್ತದೆ. ಆ ಒಂದು ಗಳಿಗೆಯಲ್ಲಿ ಮುಚ್ಚಿದ ಬಾಯಿ ಮೂವತ್ತು ವರ್ಷಗಳಾದರೂ ತೆರೆಯದೆ ಹೋಗಬಹುದು. ನಷ್ಟವಾದುದು ಆ ಒಬ್ಬಳಿಗೆ ಮಾತ್ರವಲ್ಲ. ಆಕೆಯ ಅನುಭವದ ಬೆಳಕು ಸಮಾಜಕ್ಕೂ ಇಲ್ಲವಾಯಿತು.

ಬಂಗಾರದ ಶೂಲ

ಹಾಗಾದರೆ ಎಲ್ಲರನ್ನೂ ಹೊಗಳುತ್ತ ಹೋದರೆ ಅಳುಕು ತೊಲಗುವದೇ? ಇಲ್ಲಿಯೇ ವಚನಸಾಹಿತ್ಯವು ಭಕ್ತನನ್ನು ಎಚ್ಚರಿಸುತ್ತದೆ. ತನ್ನವರೇ ಒಲಿದು ತನ್ನನ್ನು ಹೊಗಳಿದ್ದು ಚಿನ್ನದಿಂದ ಮಾಡಿದ ಶೂಲಕ್ಕೆ ಏರಿಸಿದಂತಾಯಿತೆಂದು ಬಸವಣ್ಣನವರು ಒಂದು ವಚನದಲ್ಲಿ ಮರುಗಿದ್ದಾರೆ. ಶೂಲವು ಬಂಗಾರದ್ದಾದರೂ ಅದು ಕೊಲ್ಲದೆ ಬಿಡದು. ಹೊಗಳಿಕೆಯು ಅಹಂಕಾರವನ್ನು ಬೆಳೆಯಿಸಿ ಭಕ್ತನನ್ನು ಕೆಡಿಸುತ್ತದೆಂಬ ಆ ಭಯವು ಅವರಿಗೆ ಸಹಜವಾಗಿತ್ತು. ಅಧಿಕಾರದಲ್ಲಿದ್ದವರಿಗೆ ಸ್ತುತಿಪಾಠಕರು ಎಂದೂ ಕಡಿಮೆಯಾಗಿರುವದಿಲ್ಲ.

ಇಂದಿನ ಸಭೆ ಸಮಾರಂಭಗಳಲ್ಲಿ ನಡೆಯುವ ಶಾಲು, ಹಾರ, ತುರಾಯಿಗಳ ಸತ್ಕಾರವನ್ನು ಈ ದೃಷ್ಟಿಯಿಂದ ವಿಚಾರಿಸಬೇಕು. ಅಲ್ಲಿ ಕೊಡುಗೆಯ ಮೊತ್ತಕ್ಕೂ ಪದವಿಗೂ ತಕ್ಕಂತೆ ಹೊಗಳಿಕೆಯ ಉದ್ದ ಹೆಚ್ಚುತ್ತದೆ. ಹೊಗಳಿದವನಿಗೆ ತಾನು ಏನನ್ನು ಹೊಗಳಿದೆನೆಂಬುದು ನೆನಪಿರುವದಿಲ್ಲ. ಹೊಗಳಿಸಿಕೊಂಡವನಿಗೆ ಮುಂದೆ ಏನು ಮಾಡಬೇಕೆಂಬುದು ತಿಳಿಯುವದಿಲ್ಲ. ಗೋಕಾಕದ ಜಲಪಾತವು ೧೭೦ ಅಡಿ ಎತ್ತರದಿಂದ ಧುಮುಕುವಾಗ ನೋಡುವವರ ಕಣ್ಣು ತಣಿಯುತ್ತದೆ, ಕಿವಿ ತುಂಬುತ್ತದೆ. ಆದರೆ ಅದೇ ಹೊಳೆಯ ನೀರು ಪೈರಿಗೆ ದಕ್ಕುವದು ಸದ್ದಿಲ್ಲದೆ ಹರಿಯುವ ಕಾಲುವೆಯಿಂದ. ವೇದಿಕೆಯ ಹೊಗಳಿಕೆ ಜಲಪಾತದಂಥದು. ಗೋಷ್ಠಿಯ ಮೆಚ್ಚುಗೆ ಕಾಲುವೆಯಂಥದು. ಒಂದು ನೋಟಕ್ಕೆ, ಮತ್ತೊಂದು ಬೆಳೆಗೆ.

ಸಪ್ತಸೂತ್ರಗಳೆಂದು ಪ್ರಸಿದ್ಧವಾಗಿರುವ ಬಸವಣ್ಣನವರ ವಚನವು ಇದಕ್ಕೆ ಇನ್ನೂ ಖಚಿತವಾದ ಮೇರೆಯನ್ನು ಹಾಕಿಕೊಟ್ಟಿದೆ. ಅಲ್ಲಿ ನಿಷೇಧಿಸಲಾದ ಏಳು ಸಂಗತಿಗಳಲ್ಲಿ ಮೂರು ನಾಲಗೆಗೆ ಸಂಬಂಧಿಸಿದವು: ಅಸತ್ಯವನ್ನಾಡುವದು, ಆತ್ಮಸ್ತುತಿ, ಪರನಿಂದೆ. ಈ ಮೂರನ್ನೂ ಬಿಟ್ಟ ಮೇಲೆ ನಾಲಗೆಗೆ ಉಳಿಯುವ ಕೆಲಸವೇನು? ಇನ್ನೊಬ್ಬರಲ್ಲಿ ನಿಜವಾಗಿ ಇರುವ ಒಳಿತನ್ನು ಕಂಡು ಹೇಳುವದೇ ಆ ಕೆಲಸ. ಸುಳ್ಳು ಹೊಗಳಿಕೆಯು ಅಸತ್ಯವೆಂಬ ಕಾರಣದಿಂದ ತ್ಯಾಜ್ಯ. ಇದ್ದ ಗುಣವನ್ನು ಕಂಡೂ ಬಾಯಿಬಿಡದಿರುವದು ಕೃಪಣತನ. ಧನದ ಲೋಭದಂತೆ ಮಾತಿನ ಲೋಭವೂ ಭಕ್ತನಿಗೆ ಸಲ್ಲದು.

ಕಲ್ಯಾಣದ ಗೋಷ್ಠಿ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದುದನ್ನು ಈ ದೃಷ್ಟಿಯಿಂದ ನೋಡಿದರೆ ಅದರ ಹಿರಿಮೆ ಹೊಸದಾಗಿ ಹೊಳೆಯುತ್ತದೆ. ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಅಕ್ಕಿ ಆಯುವ ಮಾರಯ್ಯ, ನೂಲುವ ರೆಮ್ಮವ್ವೆ, ಕೊಟ್ಟಣ ಕುಟ್ಟುವ ಸೋಮವ್ವೆ, ಇವರೆಲ್ಲ ವಚನಕಾರರಾದರು. ಮೂವತ್ತಕ್ಕೂ ಹೆಚ್ಚು ಶಿವಶರಣೆಯರ ವಚನಗಳು ನಮಗೆ ಉಳಿದುಬಂದಿವೆ. ಅದಕ್ಕೆ ಮುಂಚೆ ಇಂಥ ಕುಲ, ಇಂಥ ಕಸುಬಿನವರ ಮಾತನ್ನು ಕೂತು ಕೇಳಿದವರು ಯಾರೂ ಇರಲಿಲ್ಲ. ಅವರಿಗೆ ನಾಲಗೆ ಹೊಸದಾಗಿ ಹುಟ್ಟಲಿಲ್ಲ. ಕೇಳುವ ಕಿವಿ ಹೊಸದಾಗಿ ಹುಟ್ಟಿತು. ನಿನ್ನ ಕಾಯಕದ ಮಾತನ್ನೇ ಆಡು, ಅದರಲ್ಲಿಯೇ ಶಿವಾನುಭವವಿದೆ ಎಂದು ಆದರಿಸುವ ಗೋಷ್ಠಿಯಿದ್ದುದರಿಂದ ದೋಣಿ, ಹಗ್ಗ, ರಾಟಿ, ಒನಕೆಗಳು ಧರ್ಮದ ಭಾಷೆಯಾದವು.

ಮಹಾದೇವಿಯಕ್ಕನ ಪ್ರಸಂಗವು ಎಲ್ಲರಿಗೂ ತಿಳಿದುದು. ಶರಣರ ಕಾಲಕ್ಕೆ ಸುಮಾರು ಮೂರು ಶತಮಾನಗಳ ತರುವಾಯ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯು ಅದನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಉಡುತಡಿಯಿಂದ ಒಬ್ಬಳೇ ನಡೆದುಬಂದ ತರುಣಿಗೆ ಅಲ್ಲಮಪ್ರಭುಗಳು ಕಠಿಣವಾದ ಪ್ರಶ್ನೆಗಳನ್ನು ಹಾಕುತ್ತಾರೆ. ಅವಳ ಪತಿ ಯಾರು, ಉಡುಗೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನು ಏಕೆ ಮರೆಮಾಡಿಕೊಂಡಳು ಎಂಬಿತ್ಯಾದಿ ಪ್ರಶ್ನೆಗಳು ಸಾಮಾನ್ಯರನ್ನು ತತ್ತರಗೊಳಿಸುವಂಥವು. ಆದರೆ ಆಕೆ ಉತ್ತರಿಸುವಾಗ ಸಭೆ ನಗುವದಿಲ್ಲ, ನಡುವೆ ಬಾಯಿ ಹಾಕುವದಿಲ್ಲ. ಆಕೆ ಹೇಳಿ ಮುಗಿಸಿದ ಮೇಲೆ ಪ್ರಶ್ನೆ ಕೇಳಿದ ಪ್ರಭುಗಳೇ ಆಕೆಯ ನಿಲವನ್ನು ಒಪ್ಪಿಕೊಂಡು ಕೊಂಡಾಡುತ್ತಾರೆ. ಬಸವಣ್ಣ, ಚೆನ್ನಬಸವಣ್ಣ ಮೊದಲಾದವರು ಅದಕ್ಕೆ ದನಿಗೂಡಿಸುತ್ತಾರೆ. ವಯಸ್ಸಿನಲ್ಲಿ ಚಿಕ್ಕವಳಾದವಳು ಹಿರಿಯರಿಗೂ ಅಕ್ಕನಾಗುತ್ತಾಳೆ.

ಈ ಮೆಚ್ಚುಗೆಯಲ್ಲಿ ಮೂರು ಲಕ್ಷಣಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಅದು ಪೂರ್ತಿ ಕೇಳಿದ ಬಳಿಕ ಬಂದಿತು. ಕೇಳದೆ ಮೆಚ್ಚಲಿಲ್ಲ, ಕೇಳದೆ ಹಳಿಯಲೂ ಇಲ್ಲ. ಎರಡನೆಯದಾಗಿ, ಅದು ಆಕೆಯ ನುಡಿ ಮತ್ತು ನಡೆಗಳನ್ನು ಆಧರಿಸಿತ್ತು. ಕುಲ, ರೂಪ, ಅರಸುತನದ ನಂಟು ಯಾವುದನ್ನೂ ಲೆಕ್ಕಿಸಲಿಲ್ಲ. ಮೂರನೆಯದಾಗಿ, ಅದು ಆಕೆಯನ್ನು ಕಲ್ಯಾಣದಲ್ಲಿ ಕಟ್ಟಿಹಾಕಲಿಲ್ಲ; ಶ್ರೀಶೈಲದ ದಾರಿಗೆ ಬೀಳ್ಕೊಟ್ಟಿತು. ನಿಜವಾದ ಮೆಚ್ಚುಗೆಯು ಮನುಷ್ಯನನ್ನು ಮೆಚ್ಚಿದವರ ಋಣಿಯನ್ನಾಗಿ ಮಾಡುವದಿಲ್ಲ. ತನ್ನ ದಾರಿಯಲ್ಲಿ ಮುಂದೆ ನಡೆಯುವ ಬಲವನ್ನು ಕೊಡುತ್ತದೆ.

ಇನ್ನೊಂದು ಸಂಗತಿಯೂ ಗಮನಾರ್ಹವಾಗಿದೆ. ಒಬ್ಬ ಶರಣನು ಮತ್ತೊಬ್ಬರಿಂದ ತಾನು ಪಡೆದುದನ್ನು ಹೆಸರಿಟ್ಟು ನೆನೆಯುವ ವಚನಗಳು ಅನೇಕವಾಗಿವೆ. ಇಂಥವರಿಂದ ಭಕ್ತಿ, ಇಂಥವರಿಂದ ಜ್ಞಾನ, ಇಂಥವರಿಂದ ವೈರಾಗ್ಯ ಎಂದು ಬಿಡಿಸಿ ಹೇಳುವ ಪರಿ ಅದು. "ನೀವು ದೊಡ್ಡವರು" ಎಂದರೆ ಕೇಳಿದವನಿಗೆ ಏನೂ ತಿಳಿಯಲಿಲ್ಲ. "ನಿಮ್ಮ ಈ ನಡೆಯಿಂದ ನನಗೆ ಇದು ದೊರೆಯಿತು" ಎಂದರೆ ಕೊಟ್ಟವನಿಗೂ ತನ್ನ ಬೊಕ್ಕಸದಲ್ಲಿ ಏನಿದೆಯೆಂಬುದು ತಿಳಿಯಿತು.

ತಿದ್ದುವ ಮಾತು

ಎಲ್ಲರೂ ಮೆಚ್ಚುತ್ತ ಕುಳಿತರೆ ತಪ್ಪನ್ನು ತಿದ್ದುವವರಾರು ಎಂದು ಕೆಲವರು ಕೇಳಬಹುದು. ಪ್ರಶ್ನೆಯು ಯೋಗ್ಯವಾಗಿದೆ. ಪಂಚಾಚಾರಗಳನ್ನು ಬಲ್ಲವರಿಗೆ ಇದರ ಉತ್ತರ ಕಠಿಣವಲ್ಲ. ಶಿವಭಕ್ತರೆಲ್ಲರನ್ನೂ ಸಮಾನವಾಗಿ ಕಾಣುವದು ಶಿವಾಚಾರ. ಅವರ ಮುಂದೆ ತಾನು ಕಿರಿಯನೆಂದು ನಡೆಯುವದು ಭೃತ್ಯಾಚಾರ. ಗಣದ ಗೌರವಕ್ಕೆ ಕುಂದು ಬರುವದನ್ನು ಸಹಿಸದಿರುವದು ಗಣಾಚಾರ. ಮೆಚ್ಚುಗೆಯು ಮೊದಲಿನ ಎರಡರ ಫಲ; ತಿದ್ದುವಿಕೆಯು ಕೊನೆಯದರ ಕರ್ತವ್ಯ. ಶಿವಾಚಾರ ಭೃತ್ಯಾಚಾರಗಳಿಲ್ಲದ ಗಣಾಚಾರವು ಬರಿಯ ಜಗಳಗಂಟಿತನವಾದೀತು. ಲೋಕವನ್ನು ತಿದ್ದಹೊರಡುವವನು ಮೊದಲು ತನ್ನ ಮನಸ್ಸನ್ನು ನೋಡಿಕೊಳ್ಳಲೆಂದು ಬಸವಣ್ಣನವರು ಹೇಳಿದುದೂ ಇದೇ ಅರ್ಥದಲ್ಲಿ.

ಆಯ್ದಕ್ಕಿ ಲಕ್ಕಮ್ಮನ ಕಥೆಯು ತಿದ್ದುವ ರೀತಿಗೆ ಮೇಲ್ಪಂಕ್ತಿಯಾಗಿದೆ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ನಮಗೆ ಇಷ್ಟೇಕೆ, ಇದು ಆಸೆಯಲ್ಲವೇ ಎಂದು ಕೇಳಿ ಹೆಚ್ಚಾದುದನ್ನು ತಿರುಗಿ ಸುರಿದುಬರಲು ಹೇಳಿದಳು. ಮಾರಯ್ಯನು ಹಾಗೆಯೇ ಮಾಡಿದನು. ಆಕೆ ಅಂದು ತಿದ್ದಿದುದು ಅಕ್ಕಿಯ ಅಳತೆಯನ್ನು, ಗಂಡನ ಮಾನವನ್ನಲ್ಲ. ಅವನ ಕಾಯಕನಿಷ್ಠೆಯಲ್ಲಿ ಆಕೆಗೆ ಪೂರ್ಣವಾದ ನಂಬಿಕೆಯಿದ್ದಿತು. ಆ ನಂಬಿಕೆ ಅವನಿಗೂ ತಿಳಿದಿದ್ದಿತು. ಆದುದರಿಂದಲೇ ತಿದ್ದುವ ಮಾತು ಚುಚ್ಚಲಿಲ್ಲ. ಮೊದಲು ಗೌರವವು ಸ್ಥಿರಪಟ್ಟ ಮನೆಯಲ್ಲಿ ತಿದ್ದುವಿಕೆಯು ಔಷಧವಾಗುತ್ತದೆ. ಗೌರವವಿಲ್ಲದ ಮನೆಯಲ್ಲಿ ಅದೇ ಮಾತು ವಿಷವಾಗುತ್ತದೆ.

ನಾಡಿನ ನಿದರ್ಶನಗಳು

ಶರಣರ ಕಾಲಕ್ಕೆ ಮಾತ್ರ ಇದು ಸೀಮಿತವಾದುದೆಂದು ತಿಳಿಯಬಾರದು. ೧೯೨೦ರ ದಶಕದಲ್ಲಿ ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕೂಡಿಕೊಂಡಿತು. ಶಂ. ಬಾ. ಜೋಶಿ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ ಮೊದಲಾದವರು ಅದರಲ್ಲಿದ್ದರು. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ ೧೯೦೦ರಲ್ಲಿ ಹುಟ್ಟಿ ಮುಂದೆ 'ಆನಂದಕಂದ'ರೆಂದು ಹೆಸರಾದ ಬೆಟಗೇರಿ ಕೃಷ್ಣಶರ್ಮರೂ ಆ ಗುಂಪಿನವರೇ. ಕವಿತೆ, ಇತಿಹಾಸ, ಸಂಶೋಧನೆ, ಕಾದಂಬರಿ, ಜಾನಪದ ಎಂದು ಒಬ್ಬೊಬ್ಬರ ಒಲವು ಒಂದೊಂದು ಕಡೆಗಿತ್ತು. ಆದರೂ ಒಬ್ಬರದನ್ನು ಒಬ್ಬರು ಕೇಳಿ ಸಂತೋಷಪಡುವ ಗೆಳೆತನದಲ್ಲಿ ಎಲ್ಲರೂ ಬೆಳೆದರು. ಹಳ್ಳಿಯ ಆಡುಮಾತಿನ ಸೊಗಸನ್ನು ಕವಿತೆಗೆ ತರಬಹುದೆಂಬ ಧೈರ್ಯವು ಹಳ್ಳಿಯಿಂದ ಬಂದ ತರುಣನಿಗೆ ದೊರೆಯಲು ಇಂಥ ಗೆಳೆತನವು ಬಹಳ ನೆರವಾಗುತ್ತದೆ.

ಇದೇ ಕಾಲದ ಹಲಸಂಗಿಯ ಗೆಳೆಯರ ನಿದರ್ಶನವು ಇನ್ನೂ ಹೃದ್ಯವಾದುದು. ವಿಜಾಪುರ ಜಿಲ್ಲೆಯ ಆ ಸಣ್ಣ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರು ಕೂಡಿ ಬೀಸುಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುವ ಹಾಡುಗಳನ್ನು ಸಂಗ್ರಹಿಸಿದರು. ೧೯೩೧ರಲ್ಲಿ 'ಗರತಿಯ ಹಾಡು' ಅಚ್ಚಾಯಿತು. ಹಿಟ್ಟು ಬೀಸುವ ದಣಿವನ್ನು ಮರೆಯಲೆಂದು ಹಾಡಿದುದು ನಾಡಿನ ಹೆಮ್ಮೆಯ ಸಾಹಿತ್ಯವೆಂದು ಲೋಕಕ್ಕೆ ತಿಳಿದುದು, ಅದನ್ನು ಕಿವಿಗೊಟ್ಟು ಕೇಳಿ ಮೆಚ್ಚುವ ನಾಲ್ವರು ಊರಲ್ಲಿದ್ದುದರಿಂದ.

ಇತ್ತೀಚಿನ ಕಾಲದಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳು ಈ ಕೆಲಸವನ್ನು ಬೇರೊಂದು ರೀತಿಯಿಂದ ಮಾಡುತ್ತಿವೆ. ೧೯೯೨ರಲ್ಲಿ ನಬಾರ್ಡ್ ಬ್ಯಾಂಕು ಇಂಥ ಸಂಘಗಳಿಗೆ ಬ್ಯಾಂಕಿನ ಸಾಲವನ್ನು ಜೋಡಿಸುವ ಪ್ರಯೋಗವನ್ನು ಆರಂಭಿಸಿತು. ಕರ್ನಾಟಕ ಸರಕಾರದ ಸ್ತ್ರೀಶಕ್ತಿ ಯೋಜನೆಯು ೨೦೦೦-೦೧ರಲ್ಲಿ ಬಂದಿತು. ಹತ್ತರಿಂದ ಇಪ್ಪತ್ತು ಸದಸ್ಯೆಯರ ಈ ಸಂಘಗಳ ಮುಖ್ಯ ಉದ್ದೇಶ ಉಳಿತಾಯವೇ ಆದರೂ, ನಾಲ್ವರ ನಡುವೆ ತನ್ನ ಹೆಸರನ್ನು ಹೇಳಿ, ಲೆಕ್ಕವನ್ನು ಓದಿ, ತನ್ನ ಅಭಿಪ್ರಾಯವನ್ನು ತಿಳಿಸುವ ಅಭ್ಯಾಸವು ಅನೇಕ ಹೆಣ್ಣುಮಕ್ಕಳಿಗೆ ಅಲ್ಲಿಯೇ ಆಯಿತು. ಕರ್ನಾಟಕದಲ್ಲಿ ೧೯೬೮ರಲ್ಲಿ ಸ್ಥಾಪನೆಯಾದ ಮೈರಾಡ ಸಂಸ್ಥೆಯು ೧೯೯೯ರಿಂದ ೨೦೦೧ರವರೆಗೆ ಕೆನಡಾ ದೇಶದ ಸಂಸ್ಥೆಯೊಂದರ ಸಂಗಡ ದಕ್ಷಿಣ ಭಾರತದ ಹಳ್ಳಿಗಳಲ್ಲಿ ಒಂದು ಪ್ರಯೋಗವನ್ನು ನಡೆಸಿತು. "ನಿಮ್ಮ ಊರಿಗೆ ಏನು ಕೊರತೆ?" ಎಂದು ಕೇಳುವ ಬದಲು, "ನೀವು ಕೂಡಿ ಮಾಡಿದ ಒಳ್ಳೆಯ ಕೆಲಸ ಯಾವುದು, ಅದು ಹೇಗೆ ಸಾಧ್ಯವಾಯಿತು?" ಎಂದು ಕೇಳುವದೇ ಅದರ ಕ್ರಮ. ಕೊರತೆಯ ಪಟ್ಟಿಯನ್ನು ಹೇಳುವವನು ಕೈಯೊಡ್ಡುತ್ತಾನೆ; ತನ್ನ ಬಲವನ್ನು ನೆನೆಯುವವನು ಕೈ ಹಚ್ಚುತ್ತಾನೆ.

ಇಂದಿನ ಮನಶ್ಶಾಸ್ತ್ರದ ಸಾಕ್ಷಿ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಎಂಬವರು ೧೯೭೭ರಲ್ಲಿ, ನಾನು ಇದನ್ನು ಮಾಡಬಲ್ಲೆನೆಂಬ ವಿಶ್ವಾಸವು ನಾಲ್ಕು ಮೂಲಗಳಿಂದ ಹುಟ್ಟುತ್ತದೆಂದು ನಿರೂಪಿಸಿದರು. ತಾನೇ ಮಾಡಿ ಗೆದ್ದ ಅನುಭವ ಮೊದಲನೆಯದು. ತನ್ನಂಥವರು ಮಾಡಿದುದನ್ನು ಕಾಣುವದು ಎರಡನೆಯದು. ನಂಬಿಕಸ್ಥರ ಪ್ರೋತ್ಸಾಹದ ನುಡಿ ಮೂರನೆಯದು. ಮೈ ಮನಸ್ಸುಗಳ ಸಮಾಧಾನ ನಾಲ್ಕನೆಯದು. ಇವುಗಳಲ್ಲಿ ಮೊದಲನೆಯದೇ ಅತ್ಯಂತ ಪ್ರಬಲವೆಂದು ಅವರ ಮತ. ಚಿಕ್ಕ ಗೋಷ್ಠಿಯಲ್ಲಿ ಈ ನಾಲ್ಕೂ ಕೂಡಿಬರುತ್ತವೆಂಬುದನ್ನು ಲಕ್ಷಿಸಬೇಕು. ಸಾವಿರ ಜನರ ಸಭೆಯಲ್ಲಿ ಹಿಂದಿನ ಸಾಲಿನವಳಿಗೆ ಈ ನಾಲ್ಕರಲ್ಲಿ ಒಂದೂ ದಕ್ಕುವದು ಕಷ್ಟ.

೧೯೯೮ರಲ್ಲಿ ಕ್ಲಾಡಿಯಾ ಮ್ಯೂಲರ್, ಕೆರೊಲ್ ಡ್ವೆಕ್ ಎಂಬ ಇಬ್ಬರು ವಿದುಷಿಯರು ಪ್ರಕಟಿಸಿದ ಸಂಶೋಧನೆಯು ಬಸವಣ್ಣನವರ ಎಚ್ಚರಿಕೆಯನ್ನು ನೆನಪಿಗೆ ತರುತ್ತದೆ. ಸಮಸ್ಯೆಗಳನ್ನು ಬಿಡಿಸಿದ ಮಕ್ಕಳಲ್ಲಿ ಕೆಲವರಿಗೆ "ನೀನು ಬಹಳ ಜಾಣ" ಎಂದೂ, ಮತ್ತೆ ಕೆಲವರಿಗೆ "ನೀನು ಚೆನ್ನಾಗಿ ಶ್ರಮಪಟ್ಟೆ" ಎಂದೂ ಹೇಳಲಾಯಿತು. ಮುಂದೆ ಕಠಿಣವಾದ ಸಮಸ್ಯೆಗಳಲ್ಲಿ ಸೋತಾಗ, ಜಾಣರೆಂದು ಹೊಗಳಿಸಿಕೊಂಡವರು ಬೇಗನೆ ಉತ್ಸಾಹಗುಂದಿದರು. ಶ್ರಮವನ್ನು ಮೆಚ್ಚಿಸಿಕೊಂಡವರು ಬಿಡದೆ ಪ್ರಯತ್ನಿಸಿದರು. ವ್ಯಕ್ತಿಯನ್ನು ಹೊಗಳಿದುದು ಶೂಲವಾಯಿತು. ಕಾಯಕವನ್ನು ಮೆಚ್ಚಿದುದು ಊರುಗೋಲಾಯಿತು.

ಗೋಷ್ಠಿಯ ಕ್ರಮ

ಇದನ್ನು ಆಚರಣೆಗೆ ತರಲು ದೊಡ್ಡ ಮಂಟಪವಾಗಲಿ ಹಣವಾಗಲಿ ಬೇಕಾಗಿಲ್ಲ. ಎಂಟು ಹತ್ತು ಜನರು ವಾರಕ್ಕೊಮ್ಮೆ, ಸೋಮವಾರದ ಪೂಜೆಯಾದ ಮೇಲೆ, ಒಬ್ಬರ ಪಡಸಾಲೆಯಲ್ಲಿಯೋ ಮಠದ ಅಂಗಳದಲ್ಲಿಯೋ ಕೂಡಬಹುದು. ಎಲ್ಲರೂ ದುಂಡಗೆ ಕುಳಿತರೆ ಹಿಂದಿನ ಸಾಲೆಂಬುದೇ ಇರುವದಿಲ್ಲ.

ಪ್ರತಿ ವಾರ ಒಬ್ಬರು ಒಂದು ವಚನವನ್ನು ಓದಿ, ಅದು ತಮ್ಮ ಕಾಯಕದಲ್ಲಿ, ಮನೆಯಲ್ಲಿ ಹೇಗೆ ಅನುಭವಕ್ಕೆ ಬಂದಿತೆಂಬುದನ್ನು ಐದಾರು ನಿಮಿಷ ಹೇಳಬೇಕು. ನಡುವೆ ಯಾರೂ ಮಾತನಾಡಬಾರದು. ಮುಗಿದ ಬಳಿಕ ಮೂವರು, ಒಬ್ಬೊಬ್ಬರಾಗಿ, ತಮಗೆ ಅದರಿಂದ ದೊರೆತ ಒಂದೊಂದು ಸಂಗತಿಯನ್ನು ಮಾತ್ರ ಹೇಳಬೇಕು. "ಛಲೋ ಆತು" ಎಂದರೆ ಸಾಲದು. ಉದಾಹರಣೆಗೆ, ಲಕ್ಕಮ್ಮನ ಕಥೆಯನ್ನು ಕುರಿತು ಮಾತನಾಡಿದ ತಾಯಿಗೆ ನೆರೆಯವಳು, "ಯಕ್ಕಾ, ಸಂತ್ಯಾಗ ಜಾಸ್ತಿ ಬಂದ ಚಿಲ್ಲರ ತಿರಗಿ ಕೊಟ್ಟ ಬಂದದ್ದು ಹೇಳಿದಿ ನೋಡು, ನಾಳೆ ಸಂತಿಗೆ ಹೋದಾಗ ನನಗ ಅದ ನೆನಪಾಗತೈತಿ" ಎಂದರೆ, ಆ ಒಂದು ಮಾತಿನಿಂದ ಹೇಳಿದವಳ ಬಾಳಿನ ಒಂದು ಸಣ್ಣ ನಡೆಗೆ ಧರ್ಮದ ಬೆಲೆ ಬಂದಿತು.

ಮೆಚ್ಚುಗೆಯನ್ನು ಪಡೆದವರು "ಅಯ್ಯ, ನಂದೇನೈತಿ" ಎಂದು ತಳ್ಳಿಹಾಕಬಾರದು. ಪ್ರಸಾದವನ್ನು ಸ್ವೀಕರಿಸಿದಂತೆ "ಶರಣಾರ್ಥಿ" ಎಂದು ಸ್ವೀಕರಿಸಬೇಕು. ಕೊಟ್ಟವರದೂ ಅಲ್ಲ, ಪಡೆದವರದೂ ಅಲ್ಲ, ಎಲ್ಲವೂ ಲಿಂಗಕ್ಕೆ ಅರ್ಪಿತವೆಂಬ ಭಾವವಿದ್ದರೆ ಅಹಂಕಾರಕ್ಕೆ ಎಡೆಯಿರುವದಿಲ್ಲ. ಅನಂತರ ಒಬ್ಬರು ಒಂದು ಪ್ರಶ್ನೆಯನ್ನು ಕೇಳಬಹುದು. ತಿದ್ದತಕ್ಕ ಅಂಶವಿದ್ದರೆ, ಹೇಳಿದವರ ಒಪ್ಪಿಗೆಯನ್ನು ಪಡೆದು, ಒಂದೇ ಒಂದನ್ನು, ಸಾಧ್ಯವಾದರೆ ಗೋಷ್ಠಿ ಮುಗಿದ ಮೇಲೆ, ಹತ್ತಿರ ಕುಳಿತು ಹೇಳಬೇಕು. ವಚನದ ಪಾಠ ತಪ್ಪಿದ್ದರೆ ಪುಸ್ತಕವನ್ನು ತೆರೆದು ಕೂಡಿ ಓದಿದರಾಯಿತು. ತಪ್ಪು ಹೋಗುವದು, ಮಾನ ಉಳಿಯುವದು.

ಒಂದು ವೇಳೆ ಒಬ್ಬ ಹುಡುಗನು ಎದ್ದು ನಿಂತು ಎರಡು ಮಾತಿಗೇ ತಡವರಿಸಿ ಕುಳಿತರೆ ಏನನ್ನು ಮೆಚ್ಚಬೇಕು? ಚೆನ್ನಾಗಿ ಮಾತನಾಡಿದೆಯೆಂದರೆ ಅಸತ್ಯವಾಗುವದು. ಆ ಸುಳ್ಳು ಅವನಿಗೂ ತಿಳಿಯುವದು. ಆದರೆ ಅವನು ಎದ್ದು ನಿಂತುದು ಸತ್ಯ. ಇಂಥದೇ ವಚನವನ್ನು ಆರಿಸಿಕೊಂಡುದು ಸತ್ಯ. ಆಡಿದ ಎರಡು ಮಾತುಗಳಲ್ಲಿ ಒಂದು ತಟ್ಟಿದ್ದರೆ ಅದೂ ಸತ್ಯ. ಇದ್ದುದನ್ನು ಇದ್ದಷ್ಟೇ ಹೇಳಬೇಕು. ಮುಂದಿನ ವಾರ ಅವನು ನಾಲ್ಕು ಮಾತುಗಳನ್ನು ಆಡುವನು. ಮಾತಿನ ಸೊಗಸನ್ನು ಮುತ್ತು ಮಾಣಿಕ್ಯಗಳಿಗೆ ಹೋಲಿಸಿದ ಬಸವಣ್ಣನವರು, ಕೊನೆಗೆ ಲಿಂಗವೇ ತಲೆದೂಗುವಂತಿರಬೇಕೆಂದು ಅದರ ಅಳತೆಗೋಲನ್ನು ಹೇಳಿದ್ದಾರೆ. ನುಡಿದಂತೆ ನಡೆಯದಿದ್ದರೆ ದೇವನು ಒಲಿಯನೆಂದೂ ಎಚ್ಚರಿಸಿದ್ದಾರೆ. ಆ ಅಳತೆಗೋಲು ಮೆಚ್ಚುವವನ ಮಾತಿಗೂ ಅನ್ವಯಿಸುತ್ತದೆ.

ಒಬ್ಬರೇ ಪ್ರತಿ ವಾರ ಮಾತನಾಡದಂತೆಯೂ, ಸಿರಿವಂತರ ಮಾತಿಗೆ ಒಂದು, ಬಡವರ ಮಾತಿಗೆ ಒಂದು ಎಂದು ಮೆಚ್ಚುಗೆಯ ತೂಕ ಬದಲಾಗದಂತೆಯೂ ಗೋಷ್ಠಿಯ ಹಿರಿಯರು ನೋಡಿಕೊಳ್ಳತಕ್ಕದ್ದು. ಮಾತನಾಡಲು ಇಚ್ಛೆಯಿಲ್ಲದವರನ್ನು ಒತ್ತಾಯಿಸಬಾರದು. ಅವರು ಮೊದಲು ಮೆಚ್ಚುವವರ ಸರದಿಯಲ್ಲಿ ಒಂದು ವಾಕ್ಯವನ್ನು ಹೇಳಲಿ. ಇನ್ನೊಬ್ಬರ ಒಳಿತನ್ನು ಹೇಳುವಾಗ ಅಳುಕು ಕಡಿಮೆಯಾಗಿರುತ್ತದೆ. ಆ ದಾರಿಯಿಂದಲೇ ನಾಲಗೆ ಸಡಿಲುತ್ತದೆ.

ಮನೆಯೇ ಮೊದಲಿನ ಗೋಷ್ಠಿ

ವಾರಕ್ಕೊಮ್ಮೆ ಗೋಷ್ಠಿಯಲ್ಲಿ ಮೆಚ್ಚುಗೆಯನ್ನಾಡಿ, ಉಳಿದ ಆರು ದಿನ ಮನೆಯಲ್ಲಿ ಗದರುತ್ತಿದ್ದರೆ ಪ್ರಯೋಜನವಿಲ್ಲ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವ ಸೊಸೆಗೆ ರೊಟ್ಟಿ ಕರಿದಾದ ದಿನ ಮಾತ್ರ ಮಾತು ಕೇಳಿಬರುವದಾದರೆ, ಮೆತ್ತಗಾದ ಮುನ್ನೂರು ದಿನಗಳ ಲೆಕ್ಕವನ್ನು ಇಟ್ಟವರು ಯಾರು? ಮಗನು ತಂದ ಅಂಕಪಟ್ಟಿಯಲ್ಲಿ ತಂದೆಯ ಕಣ್ಣು ಮೊದಲು ಹೋಗುವದು ಕಡಿಮೆ ಬಂದ ಅಂಕದ ಕಡೆಗೇ. ಹೊಲದಲ್ಲಿ ದುಡಿಯುವ ಆಳಿಗೆ ಕೂಲಿಯ ಜೊತೆಗೆ, "ಸಾಲು ಸೊಟ್ಟ ಹೋಗಿಲ್ಲ ನೋಡಪಾ" ಎಂಬ ಒಂದು ಮಾತು ಸಂದಾಯವಾದರೆ ಯಜಮಾನನಿಗೆ ಕಡಿಮೆಯಾಗುವದು ಏನೂ ಇಲ್ಲ. ದಾಸೋಹವೆಂದರೆ ಅನ್ನವನ್ನು ನೀಡುವದಷ್ಟೇ ಅಲ್ಲ. ಇನ್ನೊಬ್ಬರ ಜೀವಕ್ಕೆ ಬಲವಾಗುವ ನುಡಿಯನ್ನು ನೀಡುವದೂ ದಾಸೋಹವೇ. ಅನ್ನದಾಸೋಹಕ್ಕೆ ಕಣಜ ತುಂಬಿರಬೇಕು. ನುಡಿದಾಸೋಹಕ್ಕೆ ಕಣ್ಣು ತೆರೆದಿದ್ದರೆ ಸಾಕು.

ಕರಸ್ಥಲದಲ್ಲಿ ಲಿಂಗವನ್ನಿರಿಸಿ ಪೂಜಿಸುವ ಭಕ್ತನು, ಅದೇ ಚೈತನ್ಯವು ಎದುರಿಗೆ ಕುಳಿತವರಲ್ಲಿಯೂ ಇದೆಯೆಂದು ನಂಬಿದವನು. ಆ ನಂಬಿಕೆಯು ನಿಜವಾಗಿದ್ದರೆ ಅದು ಬಾಯಿಂದ ಒಮ್ಮೆಯಾದರೂ ಹೊರಬರಬೇಕು. ಬರುವ ಸೋಮವಾರ ಯಾವ ಪಡಸಾಲೆಯಲ್ಲಾದರೂ ಹತ್ತು ಜನ ಕೂಡಲಿ. ಹಿಂದಿನ ಸಾಲಿನ ತಾಯಿಯು ಆ ದುಂಡಿನೊಳಗೆ ಬಂದು ಕುಳಿತುಕೊಳ್ಳಲಿ. ಆಕೆ ಎರಡು ಮಾತು ಆಡುವವರೆಗೆ ಉಳಿದವರು ಸುಮ್ಮನಿದ್ದು ಕೇಳಲಿ. ಕಲ್ಯಾಣದ ಗೋಷ್ಠಿಯೂ ಹೀಗೆ ಕೇಳುವದರಿಂದಲೇ ಆರಂಭವಾಗಿರಬೇಕು.